ಫಿನ್ಲೆಂಡಿನಲ್ಲಿ ಸಿಕ್ಕ ಲಕ್ಕಮ್ಮ

ಮಧುಗಿರಿ, ಹೊರಡುವ ಮುನ್ನ

ನಾನು ಫಿನ್ಲೆಂಡಿಗೆ ಹೋದದ್ದು ಸಿರಾ ತಾಲ್ಲೂಕಿನ ಹನ್ನೊಂದು ಹೆಂಗಸರ ಕೃಪೆಯಿಂದ. ಆ ದೇಶ ಎಲ್ಲಿದೆಯೆಂದು ಅವರಿಗೆ ಗೊತ್ತಿಲ್ಲ. ವೀಸಾಕ್ಕೆ ಅರ್ಜಿ ಹಾಕುವವರೆಗೆ ನನಗೂ ಅಷ್ಟು ಸರಿಯಾಗಿ ಗೊತ್ತಿರಲಿಲ್ಲ.

ನನ್ನ ಕೆಲಸದ ಹೆಸರು ಹೇಳಿದರೆ ನೆಂಟರು ಗಾಬರಿಯಾಗುತ್ತಾರೆ. ಸಂಖ್ಯಾಶಾಸ್ತ್ರೀಯ ತಳಿವಿಜ್ಞಾನಿ. ಮಧುಗಿರಿಯ ನಮ್ಮ ದೊಡ್ಡಪ್ಪ ಇದನ್ನು ಇಪ್ಪತ್ತು ವರ್ಷದಿಂದ ಅರ್ಥ ಮಾಡಿಕೊಳ್ಳಲು ಹೆಣಗುತ್ತಿದ್ದಾರೆ.

"ಡಾಕ್ಟ್ರು ಅಂತಾರಲ್ಲ ನಿನ್ನ, ಮಾತ್ರೆ ಬರ್ಕೊಡ್ತೀಯಾ?"

"ಇಲ್ಲ ದೊಡ್ಡಪ್ಪ."

"ಸೂಜಿ ಚುಚ್ತೀಯಾ?"

"ಚುಚ್ಚೋರು ಬೇರೆ. ಅವರು ಚುಚ್ಚಿ ತಂದಿದ್ದನ್ನ ನಾನು ಲೆಕ್ಕ ಹಾಕ್ತೀನಿ."

"ಅಂಗಾದ್ರೆ ಶಾನುಭೋಗ್ರ ಕೆಲ್ಸ ಅನ್ನು."

ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇವೆಲ್ಲ ಒಂದು ಜೀನ್ ಕೆಟ್ಟದ್ದರಿಂದ ಬರುವಂಥವಲ್ಲ. ನೂರಾರು ಸಣ್ಣ ಹಳ್ಳಗಳು ಸೇರಿ ಕೆರೆ ತುಂಬಿದ ಹಾಗೆ ಬರುತ್ತವೆ. ಯಾವ ಹಳ್ಳದಿಂದ ಎಷ್ಟು ನೀರು ಬಂತು ಎಂದು ಏರಿಯ ಮೇಲೆ ಕೂತು ಲೆಕ್ಕ ಹಾಕುವುದು ನನ್ನ ಕಸುಬು. ಕೆರೆಯಲ್ಲಿ ಮುಳುಗುತ್ತಿರುವವರನ್ನು ಎತ್ತುವುದು ನಮ್ಮ ಇಲಾಖೆಗೆ ಬರುವುದಿಲ್ಲ. ಮಧುಮೇಹವನ್ನು ಓದಲು ಮಧುಗಿರಿಯವಳೇ ಬೇಕಾಯಿತೆ ಎಂಬ ಹಾಸ್ಯವನ್ನು ಈ ಇಪ್ಪತ್ತು ವರ್ಷದಲ್ಲಿ ಎಲ್ಲರೂ ಮಾಡಿ ಮುಗಿಸಿದ್ದಾರೆ, ಓದುಗರು ಮತ್ತೆ ಮಾಡಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನಮ್ಮ ತಂಡ ರಕ್ತ ಸಂಗ್ರಹಿಸಿತು. ತೋವಿನಕೆರೆ ಕಡೆ ಜನ ನಮ್ಮನ್ನು ಮಾತಾಡಿಸಿ, ಎಳನೀರು ಕೊಟ್ಟು, ರಕ್ತ ಮಾತ್ರ ಕೊಡದೆ ಕಳಿಸಿದರು. ಬುಕ್ಕಾಪಟ್ಟಣದ ಕಡೆ ನಮ್ಮ ಜೀಪು ಕಂಡರೆ ಅಲ್ಲಿನ ಚಿಂಕಾರಾ ಜಿಂಕೆಗಳ ಜೊತೆ ಜನರೂ ಕುರುಚಲು ಕಾಡಿಗೆ ಓಡಿದರು. ಕಳ್ಳಂಬೆಳ್ಳದ ಹತ್ತಿರದ ಒಂದು ಊರಿನಲ್ಲಿ ಮಾತ್ರ ಪಟ್ಟಿಯಲ್ಲಿದ್ದ ಒಬ್ಬರೂ ತಪ್ಪಿಸಲಿಲ್ಲ. ನೂರಕ್ಕೆ ನೂರು. ಊರಿನ ಹೆಸರು ಬರೆಯುವುದಿಲ್ಲ, ಬರೆಯಬಾರದೆಂಬ ಕಾಗದಕ್ಕೆ ನಾನೇ ಸಹಿ ಹಾಕಿದ್ದೇನೆ. ಇಲ್ಲಿ ಬರುವ ಹೆಸರುಗಳನ್ನೂ ಬದಲಿಸಿದ್ದೇನೆ. ಅಲ್ಲಿನ ನಮ್ಮ ಸಹಾಯಕಿ ಭಾಗ್ಯಮ್ಮನಿಗೆ ನಾನು ಸಭೆ ಕರೆದು ಶಾಲು ಹೊದಿಸಿ, ಉಳಿದ ಊರಿನವರು ಇವರನ್ನು ನೋಡಿ ಕಲಿಯಬೇಕು ಎಂದು ಭಾಷಣ ಮಾಡಿದೆ. ಆ ಭಾಷಣವನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ನನ್ನ ಶೋಧ ಸಿಕ್ಕಿದ್ದೂ ಅದೇ ಊರಿನಲ್ಲಿ. ಹನ್ನೊಂದು ಹೆಂಗಸರು. ಎಲ್ಲರೂ ಕಡ್ಡಿಯಂತೆ ಸಣ್ಣ, ಎಲ್ಲರಿಗೂ ಜೋರು ಸಕ್ಕರೆ, ಎಲ್ಲರಲ್ಲೂ ಬೇರೆಲ್ಲೂ ಕಾಣದ ಒಂದೇ ಅಪರೂಪದ ಜೀನ್ ಬದಲಾವಣೆ. ಮೈಯಲ್ಲಿ ಮಾಂಸವಿಲ್ಲದ ನಮ್ಮ ಕಡೆಯವರಿಗೆ ಸಕ್ಕರೆ ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಫಿನ್ಲೆಂಡಿನ ಒಂದು ದೊಡ್ಡ ಸಂಶೋಧನಾ ಕೂಟ ಕರೆ ಕಳಿಸಿತು. ಬಂದು ಭಾಷಣ ಮಾಡಿ, ಅವರಿಗೆ ಒಪ್ಪಿಗೆಯಾದರೆ ಐದು ವರ್ಷದ ಪ್ರಯೋಗಾಲಯ ನನ್ನದು. ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಸಂಸ್ಥೆಯಲ್ಲಿ ನನ್ನ ಗುತ್ತಿಗೆ ಆ ವರ್ಷಕ್ಕೇ ಮುಗಿಯುವುದಿತ್ತು. ನಲವತ್ತನಾಲ್ಕನೇ ವಯಸ್ಸಿನಲ್ಲಿ ನಾನು ನಿಂತಿದ್ದು ಹನ್ನೊಂದು ಹೆಂಗಸರ ಹೆಗಲ ಮೇಲೆ.

ಹೆಲ್ಸಿಂಕಿ

ಏಪ್ರಿಲ್ ಮೊದಲ ವಾರ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಣಿಯೊಬ್ಬಳು ನನ್ನ ಚೀಲ ತೆಗೆಸಿದಳು. ಅಮ್ಮ ಕಟ್ಟಿಕೊಟ್ಟ ನಿಪ್ಪಟ್ಟಿನ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ ತೆರೆದು ಆ ಕಪ್ಪನ್ನು ಬಹಳ ಹೊತ್ತು ನೋಡಿದಳು.

"ಇದೇನು?"

"ಊಟಕ್ಕೆ. ಬೀಜದ ಪುಡಿ."

ಮೂಗಿನ ಹತ್ತಿರ ಹಿಡಿದಳು. ಏಳು ಸಲ ಸೀನಿದಳು. ಸೀನು ಮುಗಿದ ಮೇಲೆ ಡಬ್ಬಿಯ ಮುಚ್ಚಳ ಬಿಗಿದು, ಕಣ್ಣೀರು ಒರೆಸಿಕೊಂಡು, "ಫಿನ್ಲೆಂಡಿಗೆ ಸ್ವಾಗತ" ಎಂದಳು. ಇದೇ ಪುಡಿಯನ್ನು ಬೆಂಗಳೂರಿನಲ್ಲಿ ಹಿಡಿದಿದ್ದರೆ ಒಂದು ಚಮಚ ತಮಗೆ ತೆಗೆದಿಟ್ಟುಕೊಂಡು ಬಿಡುತ್ತಿದ್ದರು.

ಈ ದೇಶದವರು ಸಾಲಿನಲ್ಲಿ ನಿಲ್ಲುವುದನ್ನು ನೋಡಬೇಕು. ಬಸ್ ಸ್ಟಾಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎಮ್ಮೆ ಕಟ್ಟುವಷ್ಟು ಜಾಗ. ಖಾಲಿ ಜಾಗ ಕಂಡರೆ ನಮ್ಮ ರಕ್ತಕ್ಕೆ ತಡೆಯುವುದಿಲ್ಲ, ನಾನು ಹೋಗಿ ಇಬ್ಬರ ನಡುವೆ ನಿಂತೆ. ಇಬ್ಬರೂ ಒಂದು ಮಾತಾಡದೆ ಎರಡೆರಡು ಹೆಜ್ಜೆ ಸರಿದು ಮತ್ತೆ ಎಮ್ಮೆಯ ಜಾಗ ಮಾಡಿಕೊಂಡರು.

ತಲೆನೋವಿಗೆ ಮಾತ್ರೆ ಬೇಕಾಗಿ ಔಷಧದ ಅಂಗಡಿಗೆ ಹೋದೆ. ಒಳಗೆ ಗಿರಾಕಿ ಎಂದರೆ ನಾನೊಬ್ಬಳೇ. ಕೌಂಟರಿನ ಮುಂದೆ ನಿಂತೆ. ಎದುರಿಗಿದ್ದ ಹೆಂಗಸು ನಸುನಕ್ಕು ಸುಮ್ಮನಾದಳು. ನಾನೂ ನಕ್ಕೆ. ಹೀಗೆ ಒಂದೆರಡು ನಿಮಿಷ ನಾವು ಪರಸ್ಪರ ನಕ್ಕ ಮೇಲೆ ಅವಳು ಬಾಗಿಲ ಪಕ್ಕದ ಯಂತ್ರ ತೋರಿಸಿದಳು. ಅಲ್ಲಿ ಗುಂಡಿ ಒತ್ತಿ ನಂಬರಿನ ಚೀಟಿ ತೆಗೆದುಕೊಳ್ಳಬೇಕು. ತೆಗೆದುಕೊಂಡೆ. ನಂಬರು ಗೋಡೆಯ ಮೇಲೆ ಹೊಳೆಯಿತು. ಆಗ ಅವಳು ನನ್ನನ್ನು ಮೊದಲ ಸಲ ಕಂಡವಳ ಹಾಗೆ, "ಹೇಳಿ, ಏನು ಬೇಕಿತ್ತು?" ಎಂದಳು.

ಅಂಗಡಿಯಿಂದ ಹೊರಬಂದು ಒಬ್ಬಳೇ ನಗುತ್ತಾ ನಡೆದೆ. ಸಿರಾ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಎಸೆದ ಟವೆಲ್ಲು ಮನುಷ್ಯ ಬರುವವರೆಗೆ ಸೀಟಿನಲ್ಲಿ ಕೂತಿರುತ್ತದೆ, ಅದನ್ನು ಎಬ್ಬಿಸುವ ಧೈರ್ಯ ಯಾರಿಗೂ ಇಲ್ಲ. ರೇಷನ್ ಅಂಗಡಿಯ ಮುಂದೆ ಚೀಲ, ಚಪ್ಪಲಿ, ಇಟ್ಟಿಗೆ ಚೂರು ಸಾಲಾಗಿ ನಿಂತಿರುತ್ತವೆ, ಯಜಮಾನಿಯರು ಹೊಲದಲ್ಲಿರುತ್ತಾರೆ. ಇಲ್ಲಿ ಮನುಷ್ಯರೇ ಎದುರಿಗೆ ನಿಂತರೂ ಸಾಲದು, ಚೀಟಿ ಬೇಕು. ಅಲ್ಲಿ ಚಪ್ಪಲಿ ಇದ್ದರೆ ಮನುಷ್ಯರೇ ಬೇಡ. ನಮ್ಮದೇ ಹೆಚ್ಚು ಮುಂದುವರಿದ ಸಮಾಜ ಎಂದು ಆ ದಿನ ಹೆಮ್ಮೆಪಟ್ಟೆ. ಆ ಹೆಮ್ಮೆ ಮೂರು ದಿನ ಬಾಳಿತು.

ಕುವೊಪಿಯೊಗೆ ರೈಲು

ಕೂಟ ಸೇರುವುದು ಕುವೊಪಿಯೊ ಎಂಬ ಊರಿನಲ್ಲಿ. ಉತ್ತರಕ್ಕೆ ನಾಲ್ಕು ಗಂಟೆ ದಾಟಿದ ರೈಲು ಪ್ರಯಾಣ. ಕಿಟಕಿಯಾಚೆ ಬಿಳಿ ತೊಗಟೆಯ ಮರ, ಹಿಮ, ಮತ್ತೆ ಬಿಳಿ ತೊಗಟೆಯ ಮರ.

ಪಕ್ಕದಲ್ಲಿ ಒಬ್ಬ ಮುದುಕ. ಒಂದು ಗಂಟೆಯಾದರೂ ಯಾವ ಊರು, ಎಷ್ಟು ಮಕ್ಕಳು, ಒಂದನ್ನೂ ಕೇಳಲಿಲ್ಲ. ನನಗೇ ಅವಮಾನವಾದಂತಾಗಿ ನಿಪ್ಪಟ್ಟಿನ ಡಬ್ಬಿ ಮುಂದೆ ಹಿಡಿದೆ. ಒಂದು ತೆಗೆದುಕೊಂಡು, ಕಿಟಕಿ ನೋಡುತ್ತಾ ನಿಧಾನವಾಗಿ ತಿಂದ. ಇನ್ನೊಂದು ಗಂಟೆ ಮೌನ. ಆಮೇಲೆ ಜೇಬಿನಿಂದ ಕಪ್ಪು ಮಿಠಾಯಿಯ ಪೊಟ್ಟಣ ತೆಗೆದು ನನ್ನ ಕಡೆ ಹಿಡಿದ. ಬಾಯಿಗೆ ಹಾಕಿಕೊಂಡೆ. ಉಪ್ಪು, ಅತಿಮಧುರದ ಬೇರು, ಜೊತೆಗೆ ಟಾರು ರಸ್ತೆಯ ವಾಸನೆ. ಉಗಿಯಲು ಜಾಗವಿಲ್ಲ, ನುಂಗಲು ಮನಸ್ಸಿಲ್ಲ. ಅವನು ಗಂಭೀರವಾಗಿ ನನ್ನ ಮುಖ ನೋಡುತ್ತಿದ್ದ. ನಿಪ್ಪಟ್ಟಿನ ಖಾರಕ್ಕೆ ಸೇಡು ತೀರಿಸಿಕೊಂಡನೋ, ಪ್ರೀತಿಯಿಂದಲೇ ಕೊಟ್ಟನೋ ಕೊನೆಗೂ ತಿಳಿಯಲಿಲ್ಲ.

ಪಾವಗಡದ ಬಸ್ಸು ನೆನಪಾಯಿತು. ಅಲ್ಲಿ ಪಕ್ಕದವಳು ಟಿಕೆಟ್ ತೆಗೆಯುವ ಮೊದಲೇ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಶುರು ಮಾಡುತ್ತಾಳೆ.

"ನಾಕು ಮೂಡೊಂದಲು ಉಂದಮ್ಮಾ ಶುಗರು, ಮುನ್ನೂರು. ನಿಂದೆಷ್ಟೈತೆ?"

"ನನಗಿಲ್ಲಮ್ಮ."

"ನೋಡ್ಸಿಲ್ಲ ಅನ್ಸುತ್ತೆ. ನೋಡ್ಸು ನೋಡ್ಸು, ಇದ್ದೇ ಇರ್ತೈತೆ."

ಇಷ್ಟು ಮಾಹಿತಿಯನ್ನು ಫಿನ್ಲೆಂಡಿನಲ್ಲಿ ಪಡೆಯಬೇಕಾದರೆ ನಾಲ್ಕು ಸಮಿತಿಗಳ ಅನುಮತಿ ಬೇಕು.

ಕುವೊಪಿಯೊ, ಮೊದಲ ದಿನ

ಮರ್ಯಾ ಆ ಕೂಟದ ಮುಖ್ಯಸ್ಥೆ. ಅರವತ್ತರ ಆಸುಪಾಸು, ಮೊಣಕಾಲಿನವರೆಗೆ ಬೂಟು. ದೊಡ್ಡ ಪ್ರೊಫೆಸರು, ಆದರೆ ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ. ನಾನು ಎರಡು ದಿನ ಆಕೆಯನ್ನು ಏನೆಂದೂ ಕರೆಯದೆ, ಹತ್ತಿರ ಹೋಗಿ ಕೆಮ್ಮಿ ಕೆಲಸ ಸಾಗಿಸಿದೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕಂದು ಬಣ್ಣದ ಮುದ್ದೆಯಂಥದ್ದು ಕಂಡಿತು. ಹೋದ ಜೀವ ಬಂದಂತಾಯಿತು. ತಟ್ಟೆ ತುಂಬ ಬಡಿಸಿಕೊಂಡು ಹುಚ್ಚೆಳ್ಳು ಪುಡಿ ಉದುರಿಸಿ ಬಾಯಿಗಿಟ್ಟರೆ ಸಿಹಿ. ಈಸ್ಟರ್ ಹಬ್ಬಕ್ಕೆ ಮಾಡುವ ಸಿಹಿಯಂತೆ, ಕೆನೆ ಹಾಕಿಕೊಂಡು ತಿನ್ನಬೇಕಂತೆ. ಮರ್ಯಾ ನನ್ನ ಪುಡಿ ಉದುರಿಸಿದ ತಟ್ಟೆಯನ್ನು ನೋಡಿ, "ನೀವು ಹೀಗೆ ತಿನ್ನುತ್ತೀರೋ?" ಎಂದು ವಿನಯದಿಂದ ಕೇಳಿದಳು. ಹೌದು ಎಂದೆ. ಹೌದು ಎಂದ ಮೇಲೆ ಪೂರ್ತಿ ತಿನ್ನಬೇಕಾಯಿತು.

ಊಟದ ಮೇಲೆ ಮರ್ಯಾ ತನ್ನ ದೇಶದ ಹೆಮ್ಮೆಯನ್ನು ತೋರಿಸಿದಳು. ಇಲ್ಲಿನ ಚರ್ಚುಗಳು ಮುನ್ನೂರು ವರ್ಷದಿಂದ ಯಾರು ಹುಟ್ಟಿದರು, ಯಾರು ಯಾರನ್ನು ಮದುವೆಯಾದರು, ಯಾರು ಸತ್ತರು ಎಂದು ಬರೆದಿಟ್ಟಿವೆ. ಒಂದು ಹೆಸರು ಒತ್ತಿದರೆ ಹತ್ತು ತಲೆಮಾರು ಕಂಪ್ಯೂಟರಿನ ತೆರೆಯ ಮೇಲೆ ಇಳಿಯುತ್ತದೆ. ನಾನು ಬಿಟ್ಟೇನೆಯೇ. ನಮ್ಮಲ್ಲಿ ಹೆಳವರು ಎಂಬವರಿದ್ದಾರೆ, ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು ವಂಶವನ್ನು ಬಾಯಿಪಾಠ ಹೇಳುತ್ತಾರೆ, ಕಂಪ್ಯೂಟರ್ ಬೇಡ, ಕರೆಂಟು ಬೇಡ, ಒಂದು ಮೊರ ರಾಗಿ ಕೊಟ್ಟರೆ ಸಾಕು ಎಂದೆ. ಎತ್ತಿನ ಬದಲು ಈಗ ಬೈಕಿನಲ್ಲಿ ಬರುತ್ತಾರೆ ಎನ್ನುವುದನ್ನು ಹೇಳಲಿಲ್ಲ. ಹೊರದೇಶದಲ್ಲಿ ಎತ್ತಿಗೆ ಮರ್ಯಾದೆ ಜಾಸ್ತಿ.

ನನ್ನ ಲೆಕ್ಕ ಪರೀಕ್ಷಿಸಲು ಕೂತವನ ಹೆಸರು ಯೂಹೊ. ಮೂವತ್ತರ ಹುಡುಗ, ಮಾತಾಡುವ ಮುನ್ನ ಒಂದು ಲೋಟ ಕಾಫಿ ಮುಗಿಸುವಷ್ಟು ಹೊತ್ತು ಯೋಚಿಸುತ್ತಾನೆ.

"ನೀವು ಜರಡಿ ಹಿಡಿದಿಲ್ಲ," ಎಂದ.

ಜರಡಿ ಎಂದರೆ ನಮ್ಮ ವಿದ್ಯೆಯ ಮೊದಲ ಶಾಸ್ತ್ರ. ಲೆಕ್ಕಕ್ಕೆ ಕೂರುವ ಮೊದಲು, ತೀರ ಹತ್ತಿರದ ಸಂಬಂಧಿಕರನ್ನು ಕಂಪ್ಯೂಟರ್ ಪತ್ತೆಹಚ್ಚಿ ಹೊರಗೆ ಹಾಕಬೇಕು. ಇಬ್ಬರು ಅಕ್ಕತಂಗಿಯರಿದ್ದರೆ ಒಬ್ಬಳು ಸಾಕು. ಆದರೆ ನಮ್ಮ ಊರುಗಳಲ್ಲಿ ಆ ಜರಡಿ ಹಿಡಿದರೆ ಅರ್ಧ ಊರು ಕೆಳಗೆ ಬೀಳುತ್ತದೆ. ಯೂಹೊಗೆ ಕಾಗದದ ಮೇಲೆ ಬರೆದು ತೋರಿಸಿದೆ. ಇವಳು ತನ್ನ ಸೋದರಮಾವನನ್ನೇ ಮದುವೆಯಾದಳು, ಹಾಗಾಗಿ ಇವಳ ಅಜ್ಜಿಯೇ ಇವಳ ಅತ್ತೆ. ಇವಳ ಮಗಳನ್ನು ಇವಳ ತಮ್ಮನಿಗೆ ತಂದರು. ಗೆರೆಗಳು ಮೇಲೆ ಹೋಗಿ, ಅಡ್ಡ ಹೋಗಿ, ಹೊರಟಲ್ಲಿಗೇ ಬಂದವು. ಯೂಹೊ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಬಿಳಿ ಮುಖ ಇನ್ನಷ್ಟು ಬಿಳಿಯಾಯಿತು.

"ನಿಮ್ಮ ಜರಡಿಯಲ್ಲಿ ನಮ್ಮ ರಾಗಿ ನಿಲ್ಲದಿದ್ದರೆ ತಪ್ಪು ರಾಗಿಯದಲ್ಲ," ಎಂದೆ. ಈ ಮಾತನ್ನು ಭಾಷಣದಲ್ಲೂ ಹೇಳಬೇಕೆಂದು ಬರೆದಿಟ್ಟುಕೊಂಡಿದ್ದೆ. ನಮ್ಮ ಜನರನ್ನು ಕಸದಂತೆ ಸೋಸಿ ಎಸೆಯುವ ಲೆಕ್ಕದ ಮೇಲಿನ ಸಿಟ್ಟು ಅದು, ಸುಳ್ಳು ಸಿಟ್ಟಲ್ಲ. ಸಿಟ್ಟಿನಲ್ಲಿ ಜರಡಿಯನ್ನೇ ಬದಿಗಿಟ್ಟಿದ್ದೆ. ಹನ್ನೊಂದು ಹೆಂಗಸರ ರಕ್ತ ಬಹಳ ಹೋಲುತ್ತದೆ ಎಂದು ಬೆಂಗಳೂರಿನಲ್ಲೇ ಕಂಡಿತ್ತು. ಅಕ್ಕತಂಗಿಯರಿರಬೇಕು ಎಂದುಕೊಂಡೆ. ಬೇಕಾದದ್ದು ಕಂಡಾಗ ಯಾರೂ ಕನ್ನಡಕ ಒರೆಸಿಕೊಳ್ಳುವುದಿಲ್ಲ.

ಯೂಹೊ ವಾದ ಮಾಡದೆ, ಇವತ್ತು ಸುಮ್ಮನೆ ಒಂದು ಸಲ ಜರಡಿ ಹಿಡಿಯುತ್ತೇನೆ ಎಂದ. ಹಿಡಿ ಎಂದೆ.

ಕುವೊಪಿಯೊ, ಎರಡನೇ ದಿನ

ಬೆಳಿಗ್ಗೆ ಒಂಬತ್ತಕ್ಕೆ ಯೂಹೊ ಬಾಗಿಲಲ್ಲಿ ನಿಂತಿದ್ದ. ನನ್ನ ಭಾಷಣ ಹನ್ನೆರಡಕ್ಕೆ.

"ಒಂದು ಸಣ್ಣ ವಿಷಯ," ಎಂದ. ಕಾಫಿ ಕುಡಿದ. "ಆ ಹನ್ನೊಂದು ಜನ ಅಕ್ಕತಂಗಿಯರಲ್ಲ."

"ಮತ್ತೆ? ತಾಯಿ ಮಕ್ಕಳೇ?"

"ಅಲ್ಲ. ಒಬ್ಬರೇ."

ಅರ್ಥವಾಗಲಿಲ್ಲ. ಅವನು ತೆರೆ ತಿರುಗಿಸಿದ. ಹನ್ನೊಂದು ಸಾಲು, ಮೊದಲಿಂದ ಕೊನೆಯವರೆಗೆ ಒಂದೇ. ಅವಳಿಜವಳಿಯಾದರೂ ಒಂದು ಹೊಟ್ಟೆಯಲ್ಲಿ ಹನ್ನೊಂದು ಮಕ್ಕಳು ಹುಟ್ಟಲಾರರು. ತೂಕ ನೋಡಿದೆ, ಒಂದೆರಡು ಕೆಜಿ ಆಚೀಚೆ. ಎತ್ತರ ನೋಡಿದೆ, ಎಲ್ಲ ಒಂದೇ. ಎರಡು ವರ್ಷ ಇದನ್ನೇ ಪ್ರಕೃತಿಯ ವಿಸ್ಮಯ ಎಂದು ಬರೆದಿದ್ದೆ.

ಊರಿನಲ್ಲಿ ಆಗ ಹನ್ನೊಂದೂವರೆ. ಕಾರಿಡಾರಿಗೆ ಹೋಗಿ ಭಾಗ್ಯಮ್ಮನಿಗೆ ಫೋನ್ ಹಚ್ಚಿದೆ. ಪಟ್ಟಿ ತೆರೆದು ಹನ್ನೊಂದು ಹೆಸರು ಓದಿದೆ. ಆ ಕಡೆ ಕೋಳಿ ಅಟ್ಟುವ ಸದ್ದು ಕೇಳಿಸಿತು.

"ಅವ್ರದ್ದು ಲಕ್ಕಮ್ಮ ಕೊಟ್ಲು ಮೇಡಂ," ಎಂದಳು ಭಾಗ್ಯಮ್ಮ.

"ಯಾವ ಲಕ್ಕಮ್ಮ? ಪಟ್ಟಿಯಲ್ಲಿ ಲಕ್ಕಮ್ಮ ಇಲ್ಲವಲ್ಲ."

"ಅವ್ಳು ಲಿಸ್ಟಲ್ಲಿಲ್ಲ. ರೇಷನ್ ಕಾರ್ಡು ಪಾವಗಡದ ತಾವ ಗಂಡನ ಮನೇಲೈತೆ, ಅವ್ನು ಸತ್ಮೇಲೆ ತವರಿಗೆ ಬಂದ್ಬುಟ್ಟವ್ಳೆ. ಲಿಸ್ಟು ಕಾರ್ಡು ನೋಡಿ ತಾನೆ ಮಾಡಿದ್ದು ನೀವು? ಆ ಹನ್ನೊಂದ್ ಜನ ಹುಣಸೆಹಣ್ಣು ಕುಟ್ಟಾಕೆ ಆರು ಗಂಟೆಗೇ ಓಗ್ತಿದ್ರು. ಖಾಲಿ ಹೊಟ್ಟೇಲಿ ಒಂಬತ್ತು ಗಂಟೆ ಗಂಟ ಕೂತ್ಕೊಳ್ಳಿ ಅಂದ್ರೆ ಯಾರ್ ಕೂತ್ಕಂತಾರೆ? ಲಕ್ಕಮ್ಮನೇ ಅಂದ್ಲು, ನಾನೆಂಗೂ ಮನೇಲಿರ್ತೀನಿ, ಅವ್ರ ಬದ್ಲು ನಾನೇ ಕೊಡ್ತೀನಿ ಬುಡು ಅಂತ."

"ಹನ್ನೊಂದು ಸಲ?"

"ನಾಕು ದಿನ ಕ್ಯಾಂಪಿತ್ತಲ್ಲ ಮೇಡಂ, ಮೂರು ಮೇಜು. ಒಂದ್ಸಲ ಎಡಗೈ, ಒಂದ್ಸಲ ಬಲಗೈ. ಸೆರಗು ತಲೆ ಮೇಲೆ ಹಾಕ್ಕೊಂಡ್ರೆ ನಿಮ್ಮ ಹುಡುಗ್ರಿಗೇನ್ ಗೊತ್ತಾಯ್ತದೆ. ಕೊಟ್ಟೋರಿಗೆ ಒಂದೊಂದು ಸ್ಟೀಲ್ ಡಬ್ಬಿ ಕೊಟ್ರಲ್ಲ, ಅದ್ನ ಅವ್ರವ್ರ ಮನೆಗೆ ತಲುಪ್ಸಿದ್ಲು. ಒಂದೂ ಇಟ್ಕೊಂಡಿಲ್ಲ, ಪಾಪ."

"ನೀನು ಯಾಕೆ ಹೇಳಲಿಲ್ಲ ಭಾಗ್ಯಮ್ಮ?"

"ಲಿಸ್ಟಲ್ಲಿರೋ ಒಬ್ರೂ ಬಿಡ್ಬಾರ್ದು ಅಂತ ನೀವೇ ಅಂದಿದ್ರಿ ಮೇಡಂ. ಕೂಲಿ ಕೆಲ್ಸದ ಹಾಜರೀಲಿ ಒಬ್ರಿಗೊಬ್ರು ಹೆಬ್ಬೆಟ್ಟು ಒತ್ತಲ್ವಾ, ಇದೂ ಅಂಗೇ ಅನ್ಕೊಂಡೆ. ಆಮೇಲೆ ನೀವು ಶಾಲು ಹೊದ್ಸಿದ್ರಿ. ಹೊದ್ಕೊಂಡ್ ಮೇಲೆ ಹೆಂಗ್ ಹೇಳೋದು?"

ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ನಾವು ರಕ್ತ ಪರೀಕ್ಷೆಯ ಫಲಿತಾಂಶವನ್ನು ಪತ್ರ ಬರೆದು ತಿಳಿಸಿದ್ದೆವು. ನಿಮಗೆ ಸಕ್ಕರೆ ಜಾಸ್ತಿ ಇದೆ, ಆಸ್ಪತ್ರೆಗೆ ಹೋಗಿ ಎಂದು. ಹನ್ನೊಂದು ಪತ್ರ ಹನ್ನೊಂದು ಮನೆಗೆ ಹೋಗಿದ್ದವು.

"ಆ ಪತ್ರ ಬಂದ ಮೇಲೆ ಅವರೇನು ಮಾಡಿದರು?"

"ಎಲ್ರೂ ಎದ್ರುಕೊಂಬುಟ್ರು. ಬೆಲ್ಲ ಬುಟ್ರು, ದಿನಾ ಬೆಳಿಗ್ಗೆ ಹಾಗಲಕಾಯಿ ರಸ ಕುಡುದ್ರು. ಎರಡು ತಿಂಗ್ಳು ಬುಟ್ಟು ಸಿರಾಕೆ ಓಗಿ ನೋಡ್ಸುದ್ರೆ ಹನ್ನೊಂದ್ ಜನಕ್ಕೂ ನಾರ್ಮಲ್ಲು. ಈಗ ಸುತ್ತಮುತ್ತ ಊರೋರೆಲ್ಲಾ ಬಂದು ಕೇಳ್ತಾವ್ರೆ, ಹೆಂಗ್ ವಾಸಿ ಮಾಡ್ಕೊಂಡ್ರಿ ಅಂತ."

ಒಂದು ಕಾಯಿಲೆಯನ್ನು ಕಂಡುಹಿಡಿಯಲು ಹೋಗಿ ನಾನು ಒಂದು ಔಷಧವನ್ನು ಕಂಡುಹಿಡಿದಿದ್ದೆ.

"ಲಕ್ಕಮ್ಮನಿಗೆ?"

"ಅವ್ಳಿಗೇನು ಮೇಡಂ, ಅವ್ಳಿಗೆ ಲೆಟ್ರು ಬಂದಿಲ್ವಲ್ಲ, ಶುಗರಿಲ್ಲ. ಹಾಗಲಕಾಯಿ ಅರೆದ್ಕೊಡೋಳೇ ಅವ್ಳು. ಇವ್ರು ತಿನ್ನದ ಬೆಲ್ಲ ಎಲ್ಲಾ ಅವ್ಳಿಗೇ ಕೊಡ್ತಾರೆ, ನಮಗೋಸ್ಕರ ಅಷ್ಟೊಂದು ರಕ್ತ ಕೊಟ್ಲು, ತಿಂದ್ಕೊಳ್ಳಿ ಅಂತ." ಹಾಗೇ ಸೇರಿಸಿದಳು, "ಕಾಲಲ್ಲಿ ಒಂದ್ ಗಾಯ ಆಗೈತೆ, ಮೂರು ತಿಂಗ್ಳಾಯ್ತು, ಮಾಯ್ತಾನೇ ಇಲ್ಲ. ಯಾವ್ದೋ ಮುಳ್ಳು ತುಳ್ದವ್ಳೆ."

ಆ ಕಾರಿಡಾರಿನ ಕಿಟಕಿಯಿಂದ ಹೆಪ್ಪುಗಟ್ಟಿದ ಸರೋವರ ಕಾಣುತ್ತಿತ್ತು. ಜನ ಅದರ ಮೇಲೆ ನಾಯಿ ಹಿಡಿದು ನಡೆಯುತ್ತಿದ್ದರು. ನನಗೆ ನಾಚಿಕೆಯಿಂದ ಅಳು ಬಂತು. ಅವಳ ಹನ್ನೊಂದು ಕೊಳವೆ ರಕ್ತವನ್ನು ಎರಡು ವರ್ಷ ಕಣ್ಣಿಗೆ ಒತ್ತಿಕೊಂಡು ನೋಡಿದ್ದೆ. ಅವಳ ಸಕ್ಕರೆ ಎಷ್ಟು ಎಂಬುದು ನನಗೆ ದಶಾಂಶದ ಸಮೇತ ಬಾಯಿಪಾಠವಾಗಿತ್ತು. ಇಡೀ ಜಗತ್ತಿನಲ್ಲಿ ಅದನ್ನು ತಿಳಿಯದೆ ಇದ್ದವಳು ಅವಳೊಬ್ಬಳೇ.

"ಈಗಲೇ ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು ಭಾಗ್ಯಮ್ಮ. ಈಗಲೇ, ಗಾಡಿ ಮಾಡ್ಕೊಂಡು. ಸಕ್ಕರೆ ಅವಳಿಗೇ ಇರೋದು."

ಭಾಗ್ಯಮ್ಮ ದಡಬಡಿಸಿ ಎದ್ದ ಸದ್ದು ಕೇಳಿಸಿತು. ಆಮೇಲೆ ಕೇಳಿದಳು, "ಚೀಟಿ ಯಾರ ಹೆಸ್ರಲ್ಲಿ ಮಾಡ್ಸಲಿ ಮೇಡಂ?"

ಅದೇ ದಿನ, ಹನ್ನೆರಡು ಗಂಟೆ

ಒಳಗೆ ಬಂದಾಗ ಯೂಹೊ ನನಗಾಗಿ ಕಾಫಿ ತಂದಿಟ್ಟಿದ್ದ. ನೆಲ ನೋಡುತ್ತಾ ಹೇಳಿದ, "ಹತ್ತನ್ನು ಅಳಿಸಿ ಒಂದನ್ನು ಉಳಿಸಿಕೊಳ್ಳಬಹುದು. ತಾಂತ್ರಿಕ ದೋಷ ಎಂದು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದರೆ ಸಾಕು. ಯಾರೂ ಕೇಳುವುದಿಲ್ಲ." ಅವನು ನನಗೆ ಒಳ್ಳೆಯದನ್ನೇ ಬಯಸಿದ್ದ. ಉಳಿದ ಊರುಗಳ ಅಂಕಿಗಳಿಂದ ಒಂದು ಸಾಧಾರಣ ಭಾಷಣ ಆಗುತ್ತಿತ್ತು. ಸಾಧಾರಣ ಭಾಷಣಕ್ಕೂ ಕೆಲವೊಮ್ಮೆ ಪ್ರಯೋಗಾಲಯ ಸಿಗುತ್ತದೆ, ನಾನೇ ನೋಡಿದ್ದೇನೆ.

ಮೂರು ನಿಮಿಷ ನಾನು ಆಸೆಪಟ್ಟೆ ಎಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಭಾಗ್ಯಮ್ಮನ ಕೊನೆಯ ಪ್ರಶ್ನೆ ಕಿವಿಯಲ್ಲಿ ಬಿಡದೆ ಕೊರೆಯಿತು. ಸಣ್ಣಕ್ಷರದಲ್ಲಿ ಬರೆದರೆ ಲಕ್ಕಮ್ಮ ಮತ್ತೆ ಪಟ್ಟಿಯಿಂದ ಹೊರಗೆ.

ವೇದಿಕೆ ಹತ್ತಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹುಣಸೆಹಣ್ಣು, ಸ್ಟೀಲ್ ಡಬ್ಬಿ, ಹಾಗಲಕಾಯಿ, ಬೆಲ್ಲ. ಹೆಸರು ಹೇಳಬಾರದ ನಿಯಮವಿದ್ದುದರಿಂದ "ಒಬ್ಬ ಹೆಂಗಸು" ಎಂದೇ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ಯಾರೂ ನಗಲಿಲ್ಲ. ಅಲ್ಲಿ ಯಾರೂ ಯಾವುದಕ್ಕೂ ನಗುವುದಿಲ್ಲವಾದ್ದರಿಂದ ಏನೂ ತಿಳಿಯಲಿಲ್ಲ. ಮೂರು ಪ್ರಶ್ನೆ ಬಂದವು. ಮೊದಲನೆಯವರು ಜರಡಿಯ ಕಣ್ಣು ಎಷ್ಟು ಸಣ್ಣದಿರಬೇಕು ಎಂದು ಕೇಳಿದರು. ಎರಡನೆಯವರು ಕಂಪ್ಯೂಟರ್ ಪ್ರೋಗ್ರಾಮಿನ ಹೆಸರು ಕೇಳಿದರು. ಮೂರನೆಯವರು, ಒಬ್ಬಳಿಂದಲೇ ಹನ್ನೊಂದು ಸಲ ತೆಗೆದದ್ದರಿಂದ ಅಳತೆಯ ಏರುಪೇರು ತಿಳಿಯಲು ಇದು ಅಪರೂಪದ ಅವಕಾಶ, ಪ್ರಬಂಧ ಬರೆಯಬಹುದು ಎಂದು ಉತ್ಸಾಹ ತೋರಿದರು. ಏರಿಯ ಮೇಲೆ ಕೂತು ಲೆಕ್ಕ ಹಾಕುವವರ ಜಾತಿ ಎಲ್ಲ ದೇಶದಲ್ಲೂ ಒಂದೇ.

ಸಂಜೆ ಮರ್ಯಾ ನನ್ನನ್ನು ಸೌನಾಕ್ಕೆ ಕರೆದೊಯ್ದಳು. ಅದು ಮರದ ಕೋಣೆ, ಕಾದ ಕಲ್ಲಿಗೆ ನೀರು ಸುರಿದು ಹಬೆಯಲ್ಲಿ ಕೂರುವುದು, ಮೈಮೇಲೆ ಬಟ್ಟೆ ಇರಬಾರದು. ನಾನು ಮೂರು ಟವೆಲ್ಲು ಸು‌ತ್ತಿಕೊಂಡು ಬಂಡೆಯ ಹಾಗೆ ಕೂತೆ. ದೊಡ್ಡ ಪ್ರೊಫೆಸರು ಹುಟ್ಟಿದ ಮೈಯಲ್ಲಿ ಪಕ್ಕದಲ್ಲಿ ಕೂತು ಕಲ್ಲಿಗೆ ನೀರು ಸುರಿದಳು.

"ಐದು ವರ್ಷ ಕೊಡಲು ಆಗುವುದಿಲ್ಲ," ಎಂದಳು.

"ಗೊತ್ತು."

"ಅವಳ ಕಾಲು ಹೇಗಿದೆ?"

ಆ ದೇಶದಲ್ಲಿ ಅದನ್ನು ಕೇಳಿದವಳು ಆಕೆಯೊಬ್ಬಳೇ. ಗೊತ್ತಿಲ್ಲ ಎಂದೆ. ಅವಳು ಮತ್ತೆ ಕಲ್ಲಿಗೆ ನೀರು ಸುರಿದಳು.

ಸಿರಾ, ಕಳ್ಳಂಬೆಳ್ಳದ ಕಡೆ

ಬೆಂಗಳೂರಿಗೆ ಇಳಿದ ಮರುದಿನವೇ ಸಿರಾದ ಬಸ್ಸು ಹತ್ತಿದೆ. ನನ್ನ ಸೀಟಿನಲ್ಲಿ ಟವೆಲ್ಲು ಕೂತಿತ್ತು. ನಿಂತೇ ಹೋದೆ.

ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ಡಬ್ಬಿ ಕೊಂಡೆ. ಹೆಸರು ಕೊರೆಯುವ ಸಾಬಿಗೆ ಕೊಟ್ಟು ಲಕ್ಕಮ್ಮ ಎಂದು ಹಾಕಲು ಹೇಳಿದೆ. ಸಾಬಿ ಕೊರೆಯುವ ಯಂತ್ರ ಹಿಡಿದು ಕೇಳಿದ, "ಕೊಡೋರು ಲಕ್ಕಮ್ಮನಾ ಮೇಡಂ?"

"ಅಲ್ಲ, ತಗೊಳ್ಳೋರು."

"ತಗೊಳ್ಳೋರ್ದು ಯಾರೂ ಹಾಕ್ಸಲ್ಲ, ಕೊಟ್ಟೋರ್ದು ತಾನೆ ನೆನಪಿರ್ಬೇಕು? ಸೋಚ್ ಕೇ ಬೋಲೋ, ಒಂದ್ಸಲ ಕೊರುದ್ರೆ ಅಳ್ಸಕ್ಕಾಗಲ್ಲ."

ಯೋಚಿಸಿಯೇ ಹೇಳುತ್ತಿದ್ದೇನೆ ಎಂದೆ. ಅವನು ತಲೆಯಾಡಿಸುತ್ತಾ ಕೊರೆದ.

ಲಕ್ಕಮ್ಮ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಕಡ್ಡಿಯಂಥ ಹೆಂಗಸು, ಐವತ್ತು ದಾಟಿರಬಹುದು. ನನ್ನ ಅಂಕಿಗಳಲ್ಲಿ ಅವಳಿಗೆ ಹನ್ನೊಂದು ಬೇರೆ ಬೇರೆ ವಯಸ್ಸಿತ್ತು. ಬಲಗಾಲಿಗೆ ದಪ್ಪ ಬ್ಯಾಂಡೇಜು. ಕಿರುಬೆರಳನ್ನು ತೆಗೆದಿದ್ದರು. ಇನ್ನೊಂದು ತಿಂಗಳು ತಡವಾಗಿದ್ದರೆ ಪಾದ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದ್ದನ್ನು ಭಾಗ್ಯಮ್ಮ ಪಿಸುಗುಟ್ಟಿದಳು. ಎರಡು ವರ್ಷ ಮುಂಚೆ ತಿಳಿದಿದ್ದರೆ ಬೆರಳೂ ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿರಲಿಲ್ಲ, ಅದನ್ನು ನಾನೇ ಲೆಕ್ಕ ಹಾಕಿಕೊಂಡೆ.

"ತಪ್ಪು ನಂದು ಲಕ್ಕಕ್ಕ," ಎಂದೆ.

"ನಿಂದೇನವ್ವ ತಪ್ಪು, ಬೆಲ್ಲ ತಿಂದೋಳು ನಾನು," ಎಂದಳು. "ಅಲ್ಲ, ನನ್ ರಕ್ತ ಅದ್ಯಾವ್ದೋ ಮಂಜಿನ ದೇಸಕ್ಕೆ ಓಗಿತ್ತಂತೆ?"

"ಹೋಗಿತ್ತು."

"ಏನಂದ್ರು ಅಲ್ಲಿಯೋರು?"

ಹನ್ನೊಂದು ಜನರಲ್ಲ, ಒಬ್ಬಳೇ ಎಂದು ಕಂಡುಹಿಡಿದರು ಎಂದೆ. ಲಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಅಷ್ಟು ದೂರ ಓಗ್ಬೇಕಿತ್ತಾ ಅದುಕ್ಕೆ? ಈ ಬೀದೀಲಿ ಯಾರ್ನ ಕೇಳಿದ್ರೂ ಯೋಳೋರು."

ಆ ಮಾತಿಗೆ ನಾನೂ ನಕ್ಕೆ. ಚೀಲದಿಂದ ಡಬ್ಬಿ ತೆಗೆದು ಅವಳ ಕೈಗಿಟ್ಟೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಓದಲು ಬಾರದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಗೋಡೆಗೆ ಕೊಟ್ಟು, ಬ್ಯಾಂಡೇಜಿನ ಕಾಲನ್ನು ನೆಲಕ್ಕೆ ಊರಿ ಏಳಲು ಹೊರಟಳು.

"ಎಲ್ಲಿಗೆ ಲಕ್ಕಕ್ಕ?"

"ತಲುಪ್ಸಿ ಬತ್ತೀನಿ ತಾಯಿ. ಯಾರ ಮನೆಗೆ ಕೊಡ್ಬೇಕು ಯೋಳು."

ಕೂರಿಸಿ, ಅವಳ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಒಂದೊಂದಾಗಿ ಎಳೆದು ಓದಿ ಹೇಳಿದೆ. ಅವಳು ನಂಬಲಿಲ್ಲ. ಭಾಗ್ಯಮ್ಮನನ್ನು ಕರೆದು ಇನ್ನೊಂದು ಸಲ ಓದಿಸಿದಳು.